ಎಂಟೂವರೆಯ ಬಿಳಿ ಮಾತ್ರೆ

"ನಾಳೆ ಸಂಜೆಯೊಳಗೆ ನಾನು ರೂಮು ಖಾಲಿ ಮಾಡಬೇಕಂತೆ," ಎಂದು ಸಿಸ್ಟರ್ ಹೇಳಿದಾಗ ಟೈಲರಮ್ಮನ ಸೂಜಿ ಬಟ್ಟೆಗೆ ಹೋಗುವ ಬದಲು ಬೆರಳಿಗೆ ಹೋಯಿತು.

ಅದು ಶುಕ್ರವಾರದ ಬೆಳಿಗ್ಗೆ. ಟೈಲರಮ್ಮ ಮೊದಲೇ ಕೂತಲ್ಲಿ ಕೂರದ ಹೆಂಗಸು. ನಲವತ್ತು ವರ್ಷ ಹೊಲಿಗೆ ಯಂತ್ರ ತುಳಿದ ಕಾಲು ಈಗಲೂ ಮಂಚದ ಕೆಳಗೆ ಸುಮ್ಮಸುಮ್ಮನೆ ತುಳಿಯುತ್ತಿರುತ್ತಿತ್ತು. ಆ ಕಾಲನ್ನು ಸ್ವಲ್ಪವಾದರೂ ಸುಮ್ಮನಿರಿಸಿದ್ದು ಈ ಸಿಸ್ಟರ್ ಒಬ್ಬರೇ.

ಮೂರು ಮಹಡಿಯ ಆ ಹಿರಿಯರ ವಸತಿಗೃಹದಲ್ಲಿ ಹನ್ನೊಂದು ಜನ ಇದ್ದರು. ಹನ್ನೊಂದು ಜನಕ್ಕೂ ನಿದ್ದೆಯದೇ ಕಾಯಿಲೆ. ಸಿಸ್ಟರ್ ಇಲ್ಲಿಗೆ ನರ್ಸಾಗಿ ಬಂದ ಮೇಲೆ ಸಂಜೆಗೆ ಒಂದು ಕ್ರಮ ಬಂದಿತ್ತು. ಏಳೂವರೆಗೆ ಬಿಸಿನೀರಿನಲ್ಲಿ ಕಾಲು ಅದ್ದಿ ಕೂರಬೇಕು. ಎಂಟಕ್ಕೆ ಟಿ.ವಿ. ಬಂದ್. ಎಂಟೂವರೆಗೆ ಓದುವ ಕೋಣೆಯಲ್ಲಿ ಎಲ್ಲರೂ ದುಂಡಗೆ ಕೂರಬೇಕು. ಪ್ರತಿಯೊಬ್ಬರ ಮುಂದೆ ಒಂದು ಸ್ಟೂಲು, ಸ್ಟೂಲಿನ ಮೇಲೆ ಅವರವರ ಹೆಸರಿನ ಏಳು ಖಾನೆಯ ಮಾತ್ರೆ ಡಬ್ಬಿ. ದೀಪ ಸಣ್ಣದಾಗುತ್ತಿತ್ತು. ಹತ್ತು ನಿಮಿಷ ಕಣ್ಣು ಮುಚ್ಚಿ ಉಸಿರು ಎಣಿಸುವುದು; ಅಷ್ಟರಲ್ಲಿ ಸಿಸ್ಟರ್ ಗೋಡೆಯ ಕಡೆ ತಿರುಗಿ ಲೋಟಗಳಿಗೆ ಹಾಲು ಹೊಯ್ಯುತ್ತಿದ್ದರು. ಆಮೇಲೆ ಹಾಲಿನ ಜೊತೆ ಆ ದಿನದ ಖಾನೆಯ ಎರಡು ಮಾತ್ರೆ: ದೊಡ್ಡದು ಮೆಗ್ನೀಷಿಯಂ, ಸಣ್ಣ ಬಿಳಿಯದು ಯಾವುದೋ ಸೊಪ್ಪಿನ ಸಾರ. "ಇದು ಔಷಧಿ ಅಲ್ಲ, ಪೂರಕ ಅಷ್ಟೆ. ನಿದ್ದೆಗೆ ದಾರಿ ತೋರಿಸುತ್ತೆ, ಹೊತ್ಕೊಂಡು ಹೋಗಲ್ಲ," ಎನ್ನುತ್ತಿದ್ದರು ಸಿಸ್ಟರ್.

ಗುರುವಾರ ಆ ದಾರಿ ಎಲ್ಲೋ ತಪ್ಪಿತ್ತು. ಎರಡನೇ ಮಹಡಿಯ ಪೆನ್ಸಿಲಣ್ಣ ಹತ್ತು ಗಂಟೆಯ ಚಹಾಕ್ಕೆ ಬರಲಿಲ್ಲ. ಪತ್ರಿಕೆಯೊಂದರಲ್ಲಿ ಮೂವತ್ತೆಂಟು ವರ್ಷ ಪ್ರೂಫ್ ತಿದ್ದಿ ನಿವೃತ್ತನಾದವನು. ಕೆಂಪು ಪೆನ್ಸಿಲಿಲ್ಲದೆ ಯಾರೂ ಅವನನ್ನು ನೋಡಿರಲಿಲ್ಲ. ಹನ್ನೊಂದಕ್ಕೆ ಬಾಗಿಲು ಒಡೆದರೆ ಆಸಾಮಿ ಹಾಸಿಗೆಯಲ್ಲಿ ಅಡ್ಡಬಿದ್ದಿದ್ದ, ಅಲುಗಾಡಿಸಿದರೂ ಏಳಲಿಲ್ಲ. ಆಸ್ಪತ್ರೆಯವರು ರಕ್ತ ಪರೀಕ್ಷಿಸಿ, ವೈದ್ಯರ ಚೀಟಿಯಿಲ್ಲದೆ ಸಿಗದ ನಿದ್ದೆ ಮಾತ್ರೆ ಹೊಟ್ಟೆಗೆ ಹೋಗಿದೆ ಎಂದರು. ಒಂದಲ್ಲ, ಎರಡಕ್ಕಿಂತ ಜಾಸ್ತಿ, ನಾಲ್ಕಕ್ಕಿಂತ ಕಮ್ಮಿ.

"ಡಬ್ಬಿ ತುಂಬೋಳು ನಾನೊಬ್ಬಳೇ. ಬೀರುವಿನ ಕೀಲಿ ನನ್ನ ಸೊಂಟದಲ್ಲೇ," ಎಂದರು ಸಿಸ್ಟರ್. "ಮ್ಯಾನೇಜರ್ ಪೊಲೀಸರ ಹತ್ರ ಹೋಗಲ್ಲ ಅಂದಿದಾರೆ. ಆದ್ರೆ ಬೇರೆ ಯಾವ ಕಡೆಯಿಂದ ನನ್ನ ಬಗ್ಗೆ ಕೇಳಿದ್ರೂ ಆದದ್ದು ಹೇಳ್ತೀನಿ ಅಂದ್ರು. ಇಪ್ಪತ್ತೇಳು ವರ್ಷ ಈ ಕೆಲಸ ಮಾಡಿದೀನಿ ಅಮ್ಮ. ಇನ್ನು ಯಾರು ಕೊಡ್ತಾರೆ?"

"ನೀವು ಮಾಡಿಲ್ಲ ತಾನೆ?"

ಸಿಸ್ಟರ್ ಕೈ ನೋಡಿಕೊಂಡರು. "ಅದೇ ಗೊತ್ತಾಗ್ತಿಲ್ಲ. ಡಬ್ಬಿ ತುಂಬಿದ ಭಾನುವಾರ ಮಧ್ಯಾಹ್ನಾನೇ ಮನಸ್ಸಲ್ಲಿ ತಿರುಗಿಸಿ ತಿರುಗಿಸಿ ನೋಡ್ತಿದೀನಿ. ನನ್ನ ಕೈ ಮೇಲೆ ನನಗೇ ಅನುಮಾನ ಬಂದಿದೆ."

ಟೈಲರಮ್ಮ ಬೆರಳನ್ನು ಬಾಯಲ್ಲಿಟ್ಟುಕೊಂಡೇ ಎದ್ದಳು. "ಬನ್ನಿ. ತಕ್ಕಡಿ ಮೇಡಂ ಹತ್ರ ಹೋಗೋಣ."

ತಕ್ಕಡಿ ಮೇಡಂ ಎಂದರೆ ಮೂಲೆ ಕೋಣೆಯ ನಿವೃತ್ತ ತೂಕ-ಅಳತೆ ಇನ್‌ಸ್ಪೆಕ್ಟರ್. ಆಕೆಯ ಕಾಲದಲ್ಲಿ ಅಂಗಡಿಕಾರರು ಆಕೆಯ ಸ್ಕೂಟರ್ ಸದ್ದು ಕೇಳಿದರೇ ತಕ್ಕಡಿ ಒರೆಸುತ್ತಿದ್ದರಂತೆ. ವಸತಿಗೃಹಕ್ಕೆ ಬಂದ ಮೇಲೆ ಮಾಯವಾದ ಹಲ್ಲಿನ ಸೆಟ್ಟು, ಲಾಂಡ್ರಿಯಲ್ಲಿ ಅದಲುಬದಲಾಗುತ್ತಿದ್ದ ಹೊದಿಕೆ, ಹೀಗೆ ನಾಲ್ಕೈದು ಗುಟ್ಟುಗಳನ್ನು ಕೂತಲ್ಲೇ ಬಿಡಿಸಿದ್ದಳು. ಪ್ರತಿ ಸಲವೂ ಓಡಾಟದ ಕೆಲಸ ಟೈಲರಮ್ಮನದು.

ಮೇಡಂ ಎಲ್ಲ ಕೇಳಿಸಿಕೊಂಡು ಮೊದಲು ಕೇಳಿದ್ದು ಒಂದೇ ಪ್ರಶ್ನೆ. "ಪೆನ್ಸಿಲಣ್ಣನ ಡಬ್ಬಿಯಲ್ಲಿ ಈ ವಾರದ ಖಾನೆ ಇನ್ನೆಷ್ಟು ಉಳಿದಿವೆ?"

"ಗುರುವಾರ, ಶುಕ್ರವಾರ, ಶನಿವಾರ. ಮೂರು."

"ತನ್ನಿ. ನಿಮ್ಮ ಬಿಳಿ ಮಾತ್ರೆಯ ಸೀಸೆನೂ ತನ್ನಿ. ಟೈಲರಮ್ಮ, ನೀನು ಹೋಗಿ ಕಂಡಕ್ಟರ್ ಹತ್ರ ಅವರ ನಿದ್ದೆ ಮಾತ್ರೆ ಒಂದು ಇಸ್ಕೊಂಡು ಬಾ."

"ಕೊಡ್ತಾರೇನೇ ಅವರು?"

"ಕೊಡದಿದ್ರೆ ಅದನ್ನೂ ಬಂದು ಹೇಳು."

ಆ ಕಟ್ಟಡದಲ್ಲಿ ವೈದ್ಯರ ಚೀಟಿಯ ನಿದ್ದೆ ಮಾತ್ರೆ ಇದ್ದದ್ದು ಇಬ್ಬರ ಬಳಿ: ಪೆನ್ಸಿಲಣ್ಣನ ಪಕ್ಕದ ಕೋಣೆಯ ಬಸ್ ಕಂಡಕ್ಟರ್, ಮತ್ತು ಪೆನ್ಸಿಲಣ್ಣನ ಸ್ವಂತ ಅಕ್ಕ, ನಿವೃತ್ತ ಹೆಡ್ಮಿಸ್ಸು. ಪ್ರತಿ ಶನಿವಾರ ವೈದ್ಯರು ಬಂದು ಇಬ್ಬರಿಗೂ ಏಳು ಮಾತ್ರೆಯ ಒಂದೊಂದು ಪಟ್ಟಿ ಕೊಟ್ಟುಹೋಗುತ್ತಿದ್ದರು. ಎಂಟನೆಯದನ್ನು ಅತ್ತು ಕೇಳಿದರೂ ಕೊಡುತ್ತಿರಲಿಲ್ಲ.

ಕಂಡಕ್ಟರ್ ಬಾಗಿಲಲ್ಲೇ ಸಿಡುಕಿದರು. "ಗೊತ್ತು ಗೊತ್ತು. ಹೋದ ವಾರ ಊಟದ ಕೋಣೆಯಲ್ಲಿ 'ಇವನನ್ನ ಒಂದಿನ ಮಲಗಿಸಿಬಿಡ್ತೀನಿ' ಅಂದಿದ್ದೆ, ಅದಕ್ಕೆ ತಾನೆ? ರಾತ್ರಿಯೆಲ್ಲ ಟಕ್ ಟಕ್ ಅಂತ ಓಡಾಡ್ತಾನ್ರೀ ಮನುಷ್ಯ! ಮಾತ್ರೆ ನುಂಗದಿದ್ರೆ ನನಗೆ ಬೆಳಗಾಗೋದೇ ಇಲ್ಲ."

"ಅದೇನೂ ಅಲ್ಲ ಕಂಡಕ್ಟರೇ, ತೂಕ ನೋಡೋಕೆ."

"ಮಾತ್ರೆದಾ, ನಂದಾ?" ಗೊಣಗುತ್ತಲೇ ಪಟ್ಟಿ ತೆಗೆದರು. ಶುಕ್ರವಾರದ ಮಾತ್ರೆಯೊಂದೇ ಅದರಲ್ಲಿ ಉಳಿದಿತ್ತು. "ಸಂಜೆಯೊಳಗೆ ವಾಪಸ್ ಕೊಡಬೇಕು. ಚೇಂಜ್ ಇಲ್ಲ ಅಂತ ನಾಳೆ ಕೊಡ್ತೀನಿ ಅನ್ನಬೇಡಿ."

ಹೆಡ್ಮಿಸ್ಸಿನ ಕೋಣೆಗೂ ಟೈಲರಮ್ಮ ಹೋದಳು. ಆಕೆ ಕಿಟಕಿಯ ಬಳಿ ಕೂತು, ಆಸ್ಪತ್ರೆಗೆ ಬಿಡಲಿಲ್ಲವೆಂದು ಮ್ಯಾನೇಜರನ್ನು ಬೈಯುತ್ತಿದ್ದಳು. ಕಣ್ಣು ಕೆಂಪಾಗಿದ್ದವು, ತಮ್ಮ ಆಸ್ಪತ್ರೆಯಲ್ಲಿರುವಾಗ ಇನ್ನೇನಾಗುತ್ತವೆ? ಪಟ್ಟಿ ಕೇಳಿದ್ದಕ್ಕೆ ತಕ್ಷಣ ತೋರಿಸಿದಳು. ಅಲ್ಲೂ ಒಂದೇ ಉಳಿದಿತ್ತು. ತೊಡೆಯ ಮೇಲೆ ತಮ್ಮನಿಗಾಗಿ ಹೆಣೆಯುತ್ತಿದ್ದ ಸ್ವೆಟರ್ ಮುದ್ದೆಯಾಗಿ ಬಿದ್ದಿತ್ತು. ಟೈಲರಮ್ಮನ ಕೈ ತಾನಾಗಿ ಅದನ್ನು ಎತ್ತಿ ಮಡಿಸಲು ಹೋಗಿ ನಿಂತಿತು.

"ಏನ್ ಮಿಸ್, ಇನ್ನೂ ಮೂರು ತೋಳು ಹಾಗೇ ಇದೆ? ಹೆಚ್ಚಿನದನ್ನ ಮಂಗಳವಾರವೇ ಬಿಚ್ಚಿ ಅಂದಿದ್ದೆನಲ್ಲ."

"ಎಣಿಕೆ ತಪ್ಪಿತು ಕಣಮ್ಮ," ಎಂದಳು ಹೆಡ್ಮಿಸ್ಸು. ಸಾವಿರಾರು ಮಕ್ಕಳ ಲೆಕ್ಕದ ಪರೀಕ್ಷೆ ತಿದ್ದಿದ ಹೆಂಗಸು.

ಮಧ್ಯಾಹ್ನ ತಕ್ಕಡಿ ಮೇಡಂ ತನ್ನ ಪುಟ್ಟ ತಕ್ಕಡಿಯನ್ನು ಮೇಜಿನ ಮೇಲಿಟ್ಟು ಕಿಟಕಿ ಮುಚ್ಚಿಸಿದಳು. ಗಾಳಿ ಬೀಸಿದರೂ ಮುಳ್ಳು ನಡುಗುವಂಥದ್ದು. ಸಿಸ್ಟರಿನ ಮಾತ್ರೆ, ಕಂಡಕ್ಟರ್ ಮಾತ್ರೆ, ಎರಡೂ ಬಿಳಿ, ಎರಡೂ ದುಂಡಗೆ, ಮಗುವಿನ ಅಂಗಿಯ ಗುಂಡಿಗಿಂತ ಸಣ್ಣವು. ಟೈಲರಮ್ಮ ಕನ್ನಡಕ ಹಾಕಿಕೊಂಡು ನೋಡಿದರೂ ಯಾವುದು ಯಾವುದೆಂದು ತಿಳಿಯಲಿಲ್ಲ. ತಕ್ಕಡಿಗೆ ತಿಳಿಯಿತು, ನಿದ್ದೆ ಮಾತ್ರೆ ಹಗುರ. ಡಬ್ಬಿಯಲ್ಲಿ ಉಳಿದ ಮೂರೂ ಬಿಳಿ ಮಾತ್ರೆಗಳು ಸಿಸ್ಟರಿನ ಸೀಸೆಯವೇ.

"ಸೀಸೆ ಯಾವಾಗ ತೆರೆದದ್ದು ಸಿಸ್ಟರ್?"

"ಈ ಭಾನುವಾರವೇ. ನೂರರ ಸೀಸೆ."

"ಹನ್ನೊಂದು ಜನ, ಏಳು ದಿನ. ಇಪ್ಪತ್ತಮೂರು ಉಳೀಬೇಕು." ಮೇಡಂ ಸುರಿದು ಎಣಿಸಿದಳು. ಇಪ್ಪತ್ತಮೂರೇ. ಆಕೆ ಸೀಸೆಯ ಮುಚ್ಚಳ ಬಿಗಿ ಮಾಡಿದಳು. "ಈಗ ಪೆನ್ಸಿಲಣ್ಣನ ಕೋಣೆ."

ಕೋಣೆಯನ್ನು ಯಾರೂ ಮುಟ್ಟಿರಲಿಲ್ಲ. ಮಂಚದ ಮೇಲೆ ಗುರುವಾರದ ಪತ್ರಿಕೆ ಬಿಚ್ಚಿ ಬಿದ್ದಿತ್ತು. ಪೇಪರಿನವನು ಐದೂವರೆಗೆ ಬಾಗಿಲ ಕೆಳಗೆ ತಳ್ಳಿಹೋಗುವ ಪತ್ರಿಕೆ. ಮೊದಲ ಪುಟದಲ್ಲಿ ನಾಲ್ಕು ಅಚ್ಚಿನ ತಪ್ಪುಗಳಿಗೆ ಕೆಂಪು ಗುರುತು, ಎರಡನೆಯದರಲ್ಲಿ ಆರು, ಒಂದೊಂದೂ ಕೆತ್ತಿದ ಹಾಗೆ. ಮೂರನೆಯ ಪುಟದಲ್ಲಿ ಕೆಂಪು ಗೆರೆ ಒಂದು ಅಕ್ಷರದಿಂದ ಹೊರಟು, ಇಡೀ ಅಂಕಣ ದಾಟಿ, ಕಾಗದದ ಅಂಚಿನಿಂದ ಆಚೆ ಜಾರಿತ್ತು.

"ಇಲ್ಲಿ ಬಿದ್ದ," ಎಂದಳು ಮೇಡಂ ಮೆಲ್ಲಗೆ. ಆಮೇಲೆ ಮೇಜಿನ ಮೇಲಿದ್ದ ಪೆನ್ಸಿಲಿನ ತಗಡಿನ ಡಬ್ಬಿ ತೆಗೆದಳು. ಪೆನ್ಸಿಲಿನ ಸಿಪ್ಪೆಯ ನಡುವೆ ಪತ್ರಿಕೆಯ ಬಿಳಿ ಅಂಚಿನಿಂದ ಕತ್ತರಿಸಿದ ಏಳು ಚೀಟಿ, ಪೊಟ್ಟಣ ಕಟ್ಟಿ ಬಿಚ್ಚಿದ ಹಾಗೆ ಸುಕ್ಕಾಗಿದ್ದವು. ಒಂದೊಂದರ ಮೇಲೂ ಕೆಂಪು ಅಕ್ಷರದಲ್ಲಿ ವಾರದ ಹೆಸರು: ಗುರುವಾರದಿಂದ ಬುಧವಾರದವರೆಗೆ.

"ಪತ್ರಿಕೆಯಲ್ಲಿದ್ದಾಗ ಇವನ ರಜೆ ಯಾವತ್ತು?"

"ಗುರುವಾರ," ಎಂದಳು ಟೈಲರಮ್ಮ. "ಅದನ್ನೇ ಎಷ್ಟು ಸಲ ಹೇಳೋದು! ಮೂವತ್ತೆಂಟು ವರ್ಷ ರಾತ್ರಿ ಪಾಳಿ, ಬೆಳಗಿನ ಜಾವ ಮಲಗೋದು. ಗುರುವಾರ ರಜೆ ಅಂತ, ಮೇಜಿನ ಮೇಲಿರೋ ಬಾಕಿ ಪ್ರೂಫನ್ನೆಲ್ಲ ತಿದ್ದಿ ಮುಗಿಸಿಯೇ ಮನೆಗೆ ಹೋಗ್ತಿದ್ದನಂತೆ. ಬಾಕಿ ಇಟ್ಟು ಮಲಗಿದ್ರೆ ಕಣ್ಣಿಗೆ ಇರುವೆ ಹರಿದಂಗಾಗ್ತಿತ್ತಂತೆ."

ಮೇಡಂ ಚೀಟಿಗಳನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡಳು. ಮೆಟ್ಟಿಲಿಳಿಯುವಾಗ ಒಂದು ಮಾತು ಕೇಳಿದಳು. "ನಿನ್ನ ಕೋಣೆ ಕಂಡಕ್ಟರ್ ಕೋಣೆಯ ಕೆಳಗೇ ಅಲ್ವಾ? ಈ ವಾರ ಅವರು ಹೇಗೆ ಮಲಗಿದ್ರು?"

"ಗೊರಕೆ ಅಲ್ಲ ಕಣೇ ಅದು, ಲಾರಿ ರಿವರ್ಸ್ ತಗೊಂಡಂಗೆ. ಸೋಮವಾರ, ಮಂಗಳವಾರ, ಬುಧವಾರ, ಒಂದಿನಾನೂ ಬಿಡುವಿಲ್ಲ. ನನಗೆ ಹೇಗೆ ನಿದ್ದೆ ಬರಬೇಕು ಹೇಳು."

"ಬರದಿದ್ದದ್ದೇ ಒಳ್ಳೇದಾಯ್ತು," ಎಂದು ಮೇಡಂ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಟೈಲರಮ್ಮ ಆ ಮಾತನ್ನು ಇಡೀ ಸಂಜೆ ಅಗಿದಳು. ಓದುವ ಕೋಣೆಯಲ್ಲಿ ಸ್ಟೂಲುಗಳ ಮೇಲೆ ಮಾತ್ರೆ ಡಬ್ಬಿಗಳಿರಲಿಲ್ಲ. ಸಿಸ್ಟರ್ ಬಿಸಿ ಮಾಡಿಟ್ಟ ಹಾಲನ್ನು ಯಾರೂ ಮುಟ್ಟಲಿಲ್ಲ. ಕೆನೆ ಕಟ್ಟಿ ತಣ್ಣಗಾಯಿತು. ಟೈಲರಮ್ಮ ಒಂದು ಲೋಟ ಎತ್ತಿ, ಎಲ್ಲರೂ ನೋಡುತ್ತಿದ್ದಾರೆಂದು ತಿಳಿದು, ವಾಪಸ್ ಇಟ್ಟಳು. ಹಾಗೆ ಇಟ್ಟದ್ದು ಸಿಸ್ಟರಿನ ಕಣ್ಣಿಗೆ ಬಿತ್ತೆಂಬುದು ಅವಳನ್ನು ಬೆಳಗಿನವರೆಗೂ ಚುಚ್ಚಿತು.

ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಮೇಡಂ ಎಲ್ಲರನ್ನೂ ಓದುವ ಕೋಣೆಗೆ ಕರೆಸಿದಳು. ಸಿಸ್ಟರಿನ ಎರಡು ಪೆಟ್ಟಿಗೆಗಳು ಬಾಗಿಲ ಬಳಿ ನಿಂತಿದ್ದವು. ಮ್ಯಾನೇಜರ್ ಆಸ್ಪತ್ರೆಯ ಸುದ್ದಿ ತಂದಿದ್ದರು: ಪೆನ್ಸಿಲಣ್ಣ ಎಚ್ಚರವಾಗಿದ್ದಾನೆ, ಅಪಾಯವಿಲ್ಲ, ಆದರೆ ಗುರುವಾರ ಬೆಳಿಗ್ಗೆ ಏನಾಯಿತೆಂಬುದು ಮಾತ್ರ ನೆನಪಿಲ್ಲ.

"ಮೇಡಂ, ಐದಕ್ಕೆ ಸಿಸ್ಟರಿಗೆ ಬಸ್ಸಿದೆ," ಎಂದರು ಮ್ಯಾನೇಜರ್ ಗಡಿಯಾರ ನೋಡುತ್ತ.

"ಬಸ್ಸು ಬೇಕೋ ಬೇಡವೋ ಅಂತ ಆಮೇಲೆ ನೋಡೋಣ. ಮೊದಲು ನೀವು ಹೇಳಿ. ಪೆನ್ಸಿಲಣ್ಣ ಆ ಮಾತ್ರೆ ಯಾವಾಗ ನುಂಗಿದ್ದು?"

"ಬುಧವಾರ ರಾತ್ರಿ. ಎಲ್ಲರ ಎದುರಿಗೇ, ಹಾಲಿನ ಜೊತೆ."

ಮೇಡಂ ಗುರುವಾರದ ಪತ್ರಿಕೆ ಬಿಚ್ಚಿದಳು. "ಬುಧವಾರ ಎಂಟೂವರೆಗೆ ಅಷ್ಟು ನಿದ್ದೆ ಮಾತ್ರೆ ನುಂಗಿದವನು, ಗುರುವಾರ ಐದೂವರೆಗೆ ಬಂದ ಪತ್ರಿಕೆಯಲ್ಲಿ ಹತ್ತು ತಪ್ಪು ತಿದ್ದಿದ್ದು ಹೇಗೆ? ಮೂರನೇ ಪುಟದಲ್ಲಿ ನೋಡಿ, ಪೆನ್ಸಿಲ್ ಜಾರಿದೆ. ಪತ್ರಿಕೆ ಕೈಗೆ ಬಂದಾಗಲೇ ಅವನು ನುಂಗಿದ್ದು. ಎರಡು ಪುಟದವರೆಗೆ ತಡೆದಿದಾನೆ."

ಕೋಣೆ ಗುಜುಗುಜು ಎಂದಿತು. ಮೇಡಂ ಸೆರಗು ಬಿಚ್ಚಿ ಏಳು ಚೀಟಿಗಳನ್ನು ಸಾಲಾಗಿ ಇಟ್ಟಳು. "ದೊಡ್ಡ ಮಾತ್ರೆ ಎಲ್ಲರ ಎದುರು ನುಂಗ್ತಿದ್ದ. ನಿದ್ದೆಯ ಬಿಳಿ ಮಾತ್ರೆ ಮಾತ್ರ ಜೇಬಿಗೆ. ರಾತ್ರಿ ಅವನಿಗೆ ನಿದ್ದೆ ಬೇಡ; ಅವನ ರಾತ್ರಿ ಶುರುವಾಗೋದೇ ಸೂರ್ಯ ಹುಟ್ಟಿದ ಮೇಲೆ. ಒಂದೊಂದು ಮಾತ್ರೇನೂ ದಿನ ಬರೆದು ಕಟ್ಟಿಟ್ಟ. ಗುರುವಾರ ರಜೆ, ಆವತ್ತು ಬಾಕಿ ಉಳಿಸೋ ಹಾಗಿಲ್ಲ. ಏಳನ್ನೂ ಒಟ್ಟಿಗೆ ನುಂಗಿದ. ಇದು ಔಷಧಿ ಅಲ್ಲ, ಪೂರಕ ಅಂತ ಸಿಸ್ಟರೇ ಹೇಳಿದ್ದರಲ್ಲ? ಹಿಂದಿನ ಗುರುವಾರಗಳಲ್ಲೂ ಹಾಗೇ ಮಾಡಿರಬೇಕು, ಏನೂ ಆಗಿಲ್ಲ."

"ಹಾಗಾದ್ರೆ ಈ ಸಲ?" ಎಂದರು ಮ್ಯಾನೇಜರ್.

"ಈ ಸಲ ಏಳರಲ್ಲಿ ಮೂರು ಬೇರೆಯವು. ಆಸ್ಪತ್ರೆಯವರ ಲೆಕ್ಕ ಅದೇ. ಸಿಸ್ಟರ್ ಭಾನುವಾರ ಕೂತು ಏಳು ಖಾನೆ ಒಟ್ಟಿಗೆ ತುಂಬ್ತಾರೆ. ಅವರ ಸೀಸೆಯಿಂದ ಎಪ್ಪತ್ತೇಳು ಮಾತ್ರೆ ಹೋಗಬೇಕಿತ್ತು, ಎಪ್ಪತ್ತೇಳೇ ಹೋಗಿದೆ. ಉಳಿದ ಖಾನೆಯಲ್ಲಿರೋದೂ ಅವರ ಮಾತ್ರೆಯೇ, ತೂಗಿ ನೋಡಿದೀನಿ. ಅಂದ್ರೆ ಬದಲಾಯಿಸಿದವರು ಒಂದೇ ಸಲ ಬದಲಾಯಿಸಿಲ್ಲ. ದಿನಕ್ಕೊಂದರ ಹಾಗೆ, ಆಯಾ ದಿನದ ಖಾನೆಯಿಂದ. ಕೀಲಿ ಇದ್ದವರಿಗೆ ಅಷ್ಟು ಕಷ್ಟ ಯಾಕೆ? ಕೀಲಿ ಇಲ್ಲದವರಿಗೆ ಡಬ್ಬಿ ಸಿಗೋದು ದಿನಕ್ಕೆ ಹತ್ತೇ ನಿಮಿಷ. ಸಿಸ್ಟರ್ ಗೋಡೆಗೆ ಮುಖ ಮಾಡಿ ಹಾಲು ಹೊಯ್ತಿರ್ತಾರೆ. ನಾವೆಲ್ಲ ಕಣ್ಣು ಮುಚ್ಚಿಕೊಂಡು ಉಸಿರು ಎಣಿಸ್ತಿರ್ತೀವಿ."

ಎಲ್ಲರ ಕಣ್ಣೂ ಪೆನ್ಸಿಲಣ್ಣನ ಖಾಲಿ ಕುರ್ಚಿಯ ಕಡೆ ಹೋಯಿತು. ಅದರ ಎಡಕ್ಕೆ ಕಂಡಕ್ಟರ್, ಬಲಕ್ಕೆ ಹೆಡ್ಮಿಸ್ಸು.

"ನೋಡಿ, ನನ್ನ ಟಿಕೆಟ್ ನಾನು ತಗೊಂಡಿದೀನಿ," ಎಂದು ಕಂಡಕ್ಟರ್ ಎದ್ದೇ ಬಿಟ್ಟರು. "ಬೈದಿದ್ದು ನಿಜ. ಮಾತ್ರೆ ಹಾಕೋ ಬುದ್ಧಿ ನಂದಲ್ಲ!"

"ಕೂತ್ಕೊಳ್ಳಿ. ವೈದ್ಯರು ವಾರಕ್ಕೆ ಏಳೇ ಕೊಡ್ತಾರೆ, ಎಂಟನೆಯದಿಲ್ಲ. ಪಟ್ಟಿ ಇಬ್ಬರದೂ ಒಂದೇ ಥರ ಖಾಲಿ. ಆದ್ರೆ ತನ್ನ ಮಾತ್ರೇನ ಬೇರೆಯವರ ಖಾನೆಗೆ ಹಾಕಿದವರು ಆವತ್ತು ರಾತ್ರಿ ತಾವು ಮಲಗೋದು ಹೇಗೆ? ನೀವು ಸೋಮವಾರದಿಂದ ಬುಧವಾರದ ತನಕ ಮೂರು ರಾತ್ರೀನೂ ಮಲಗಿದ್ರಿ. ಅದಕ್ಕೆ ನಿಮ್ಮ ಕೆಳಗಿನ ಕೋಣೆಯವಳೇ ಸಾಕ್ಷಿ, ಪಾಪ."

ಟೈಲರಮ್ಮನಿಗೆ ಆಗ ಹೊಳೆಯಿತು. ಹೊಳೆದದ್ದೇ ಬೇಡವೆನಿಸಿತು. ಮೂರು ತೋಳಿನ ಸ್ವೆಟರ್. ಬುಧವಾರ ಮಧ್ಯಾಹ್ನ ಸೂಪಿನ ಬಟ್ಟಲ ಮೇಲೆ ತೂಕಡಿಸಿ ಕೂದಲು ಒದ್ದೆ ಮಾಡಿಕೊಂಡದ್ದು. ಆ ಕೆಂಪು ಕಣ್ಣು, ತಮ್ಮ ಆಸ್ಪತ್ರೆ ಸೇರುವುದಕ್ಕೂ ಮುಂಚೆಯೇ ಕೆಂಪಾಗಿದ್ದ ಕಣ್ಣು. ಅವಳ ಕಾಲು ನೆಲವನ್ನು ತುಳಿಯತೊಡಗಿತು.

ಮೇಡಂ ದನಿ ಇಳಿಸಿದಳು. "ಮಿಸ್, ನೀವು ಸೋಮವಾರದಿಂದ ನಿದ್ದೆ ಮಾಡಿಲ್ಲ."

ಹೆಡ್ಮಿಸ್ಸು ನೆಟ್ಟಗೆ ಕೂತಿದ್ದಳು, ತರಗತಿಯಲ್ಲಿ ಕೂತ ಹಾಗೆ.

"ಅವನು ರಾತ್ರಿಯೆಲ್ಲ ಓಡಾಡ್ತಾನೆ. ನಾನು ಮಾತ್ರೆ ನುಂಗಿ ಬಿದ್ದಿರ್ತೀನಿ. ಹಿರಿಯಳು ಮಲಗಿ ಕಿರಿಯವನು ಎದ್ದಿರೋದು... ಚಿಕ್ಕೋನಿದ್ದಾಗ ಅವನನ್ನ ತಟ್ಟಿ ಮಲಗಿಸ್ತಿದ್ದವಳು ನಾನು. ಒಂದು ಕೊಟ್ಟೆ. ಏನೂ ಆಗಲಿಲ್ಲ. ಮಾರನೇ ದಿನ ಇನ್ನೊಂದು. ಅದೂ ನಾಟಲಿಲ್ಲ. ಬುಧವಾರ ಮತ್ತೊಂದು. ಇವನ ದೇಹ ಎಂಥದಪ್ಪಾ ಅನ್ಕೊಂಡೆ."

"ತೆಗೆದ ಬಿಳಿ ಮಾತ್ರೆಗಳು?"

"ನಾನೇ ನುಂಗಿದೆ. ಬಿಸಾಡೋದು ಹೇಗೆ?"

ಯಾರೋ ನಕ್ಕು ತಕ್ಷಣ ನಿಲ್ಲಿಸಿದರು. ಮ್ಯಾನೇಜರ್ ಕೇಳಿದರು: "ಮತ್ತೆ ಮೂರು ದಿನ ಸುಮ್ಮನಿದ್ರಲ್ಲ ಮಿಸ್? ಇವರು ಪೆಟ್ಟಿಗೆ ಕಟ್ಟೋದನ್ನ ನೋಡ್ಕೊಂಡು?"

"ನಾನು ದಿನಾ ಒಂದು ನುಂಗ್ತೀನಿ, ಬೆಳಿಗ್ಗೆ ಏಳ್ತೀನಿ. ಒಂದು ಮಾತ್ರೆಗೆ ಯಾರೂ ಆಸ್ಪತ್ರೆ ಸೇರಲ್ಲ. ಹಾಗಾಗಿ ಇದು ನಂದಲ್ಲ, ಸಿಸ್ಟರ್ ತಪ್ಪೇ ಇರಬೇಕು ಅನ್ಕೊಂಡೆ." ಹೆಡ್ಮಿಸ್ಸು ತಲೆಯೆತ್ತಿ ಸಿಸ್ಟರನ್ನು ನೋಡಿದಳು. "ಅಲ್ಲ. ಅನ್ಕೊಳ್ಳೋಕೆ ಹೆಣಗಾಡಿದೆ. ಅದೂ ಆಗಲಿಲ್ಲ."

ಮ್ಯಾನೇಜರ್ ಸಿಸ್ಟರಿನ ಕಡೆ ತಿರುಗಿದರು. "ಸಿಸ್ಟರ್, ನನ್ನಿಂದ ದೊಡ್ಡ ತಪ್ಪಾಯ್ತು. ನೀವು ಹೋಗಬಾರದು."

ಸಿಸ್ಟರ್ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡರು, ಕಳೆದುಹೋಗಿದ್ದ ವಸ್ತು ವಾಪಸ್ ಬಂದ ಹಾಗೆ.

"ನಿನ್ನೆ ಸಂಜೆ ನನ್ನ ಕೈಯ ಹಾಲು ಒಬ್ಬರೂ ಕುಡೀಲಿಲ್ಲ," ಎಂದರು. ಟೈಲರಮ್ಮ ತಲೆ ತಗ್ಗಿಸಿದಳು. "ಅದು ಮರೆಯೋಕೆ ಟೈಮ್ ಬೇಕು. ಆದ್ರೂ ಇರ್ತೀನಿ. ಎರಡು ಮಾತು. ಪೂರಕ ಅಂದ್ರೆ ಎಷ್ಟು ಬೇಕಾದ್ರೂ ನುಂಗಬಹುದು ಅಂತ ಅಲ್ಲ. ಅದನ್ನ ಬಿಡಿಸಿ ಹೇಳದೇ ಇದ್ದದ್ದು ನನ್ನ ತಪ್ಪು, ಅಷ್ಟು ನಂದೇ. ಇನ್ನೊಂದು, ಇನ್ಮೇಲೆ ಕಣ್ಣು ಮುಚ್ಚಿ ಕೂರೋದು ಬೇಡ. ಎಲ್ಲರೂ ಕಣ್ಣು ಬಿಟ್ಕೊಂಡೇ ಶಾಂತವಾಗಿರಿ."

"ಅದೂ ಸಾಧ್ಯವಾ?" ಎಂದರು ಕಂಡಕ್ಟರ್.

ಕೋಣೆ ಖಾಲಿಯಾಯಿತು. ಹೆಡ್ಮಿಸ್ಸು ಮಾತ್ರ ಏಳಲಿಲ್ಲ. "ಅವನಿಗೆ ಯಾರು ಹೇಳೋದು?" ಎಂದಳು. ಕೇಳಿದ್ದು ಯಾರನ್ನೋ ಗೊತ್ತಿರಲಿಲ್ಲ.

"ನೀವೇ," ಎಂದರು ಸಿಸ್ಟರ್. "ನಾಲ್ಕಕ್ಕೆ ಆಸ್ಪತ್ರೆಯಲ್ಲಿ ಭೇಟಿಗೆ ಬಿಡ್ತಾರೆ. ನಡೀರಿ, ಜೊತೆಗೆ ಬರ್ತೀನಿ."

ತಕ್ಕಡಿ ಮೇಡಂ ಚೀಟಿಗಳನ್ನು ಒಟ್ಟುಮಾಡುತ್ತಿದ್ದಳು. ಟೈಲರಮ್ಮ ಬಾಗಿಲಿಗೆ ಬಂದು ನೋಡಿದಳು. ಸಿಸ್ಟರ್ ಹೆಡ್ಮಿಸ್ಸಿನ ರಟ್ಟೆ ಹಿಡಿದಿದ್ದರು, ಹೆಡ್ಮಿಸ್ಸು ಇನ್ನೊಂದು ಕೈಯಲ್ಲಿ ಮೆಟ್ಟಿಲ ಕಂಬಿ ಹಿಡಿದಿದ್ದಳು. ಮೊದಲ ತಿರುವಿನಲ್ಲಿ ಇಬ್ಬರೂ ಉಸಿರು ತೆಗೆದುಕೊಳ್ಳಲು ನಿಂತರು.

"ಈ ಮೂರು ದಿನ ನಿಮಗೆ ನಿದ್ದೆ ಬಂತಾ?" ಎಂದು ಹೆಡ್ಮಿಸ್ಸು ಕೇಳಿದಳು.

"ಇಲ್ಲ."

"ನನಗೂ ಇಲ್ಲ."

ಸಿಸ್ಟರ್ ರಟ್ಟೆಯ ಮೇಲಿನ ಹಿಡಿತವನ್ನು ಸ್ವಲ್ಪ ಸರಿಪಡಿಸಿಕೊಂಡು, ಮುಂದಿನ ಮೆಟ್ಟಿಲಿಗೆ ಮೊದಲು ತಮ್ಮ ಕಾಲಿಟ್ಟರು.